ಏಣಿ ಹಿಡಿದ ಕೈ

"ಕಣ್ಣು ಮುಚ್ಚಿ ಹಿಂದಕ್ಕೆ ಬೀಳಿ. ನಿಮಗೆ ನಂಬಿಕೆ ಇರೋರು ಹಿಡ್ಕೊಳ್ಳಲಿ," ಎಂದರು, ಕೆಲಸದವರ ತಂಡಕ್ಕೆ ತರಬೇತಿ ಕೊಡಲು ಬಂದಿದ್ದ ಮೇಡಂ.

ಪೇಂಟರ್ ಕುಂಟುತ್ತಲೇ ಮುಂದೆ ಬಂದ. "ನಮ್ ಮೇಸ್ತ್ರಿ ಅಣ್ಣಾನೇ ಹಿಡೀಲಿ. ಅವತ್ತು ಏಣಿ ಹಿಡಿದಿದ್ದೋರೂ ಇವರೇ. ನಾನೇ ಕಾಲು ಜಾರಿ ಬಿದ್ದೆ."

ಮೇಸ್ತ್ರಿ ಅವನ ಹಿಂದೆ ಬಂದು ನಿಂತ. ಕಾಲು ಜಾರಿತೆಂದು ಅವನನ್ನು ನಂಬಿಸಿದ್ದೇ ತಾನು. ಅವತ್ತು ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿದಾಗ ಏಣಿಯಿಂದ ಎರಡೂ ಕೈ ತೆಗೆದಿದ್ದ.

ಪೇಂಟರ್ ಹಿಂದೆಮುಂದೆ ನೋಡದೆ ಬಿದ್ದೇಬಿಟ್ಟ. ಮೇಸ್ತ್ರಿ ಎದೆಗವಚಿ ಹಿಡಿದ. ಚಪ್ಪಾಳೆ ಬಿತ್ತು. ಜೇಬಿನಲ್ಲಿ ಫೋನ್ ಮತ್ತೆ ಗುಂಯ್‌ಗುಟ್ಟಿತು, ಕೈ ಸಡಿಲಲಿಲ್ಲ. "ಸಾಕು, ಬಿಡಿ ಅಣ್ಣಾ," ಎಂದು ಅವನು ನಕ್ಕ.

"ನೀನು ಜಾರ್ಲಿಲ್ಲ ಕಣೋ," ಎಂದ ಮೇಸ್ತ್ರಿ, ಎಲ್ಲರಿಗೂ ಕೇಳುವಂತೆ. "ನಾನೇ ಏಣಿ ಬಿಟ್ಟಿದ್ದು."