ಹೊಸಬರ ಮಧ್ಯಾಹ್ನ

ಎಂಬತ್ತೆಂಟರ ಅಂಬುಜಾಕ್ಷಿ ಇನ್ನೂ ರಾಮೋತ್ಸವದ ಮಧ್ಯಾಹ್ನದ ಹೊಸಬರ ಕಛೇರಿಯಲ್ಲೇ ಹಾಡುತ್ತಿದ್ದಳು. ಸಂಜೆಯ ಕಛೇರಿ ಅವಳ ಮೇಷ್ಟ್ರು ನಂಜುಂಡಾಚಾರ್ಯರದು. ವಯಸ್ಸು ಇನ್ನೂರು ದಾಟಿದರೂ ಅವರ ಕಂಠಕ್ಕೆ ದಣಿವಿಲ್ಲ. ಈಗ ಯಾರಿಗೂ ಮುಪ್ಪಿಲ್ಲ, ದಣಿವಿಲ್ಲ, ಹಿರಿಯರು ಜಾಗ ಬಿಡುವುದೂ ಇಲ್ಲ; ಹೊಸಬರ ಗೋಳೇ ಅದು. ಪ್ರತಿ ವರ್ಷ ಅವಳ ಹಾಡು ಮುಗಿದಾಗ ಮೇಷ್ಟ್ರದು ಒಂದೇ ಮಾತು: "ಲಯ ಓಡುತ್ತೆ. ಇನ್ನೊಂದಷ್ಟು ವರ್ಷ ಮಧ್ಯಾಹ್ನವೇ ಇರಲಿ."

ಈ ವರ್ಷ ಅವರೇ ಕರೆದು, "ಸಂಜೆ ನೀನು ಹಾಡಮ್ಮ" ಅಂದರು.

"ಮತ್ತೆ ನೀವು, ಮೇಷ್ಟ್ರೇ?"

"ಖಂಜಿರ ಕಲಿತಿದೀನಿ. ಅದರಲ್ಲಿ ನಾನು ಹೊಸಬ. ಮಧ್ಯಾಹ್ನ ಬಾರಿಸ್ತೀನಿ."

ಆ ಮಧ್ಯಾಹ್ನ ಎಪ್ಪತ್ತರ ಹುಡುಗಿಯೊಬ್ಬಳು ಹಾಡಿದಳು, ಮೇಷ್ಟ್ರು ಪಕ್ಕವಾದ್ಯಕ್ಕೆ ಕೂತರು. ಖಂಜಿರದ ಸರದಿ ಬಂದ ಕೂಡಲೇ ಜನ ಎಂದಿನಂತೆ ಕಾಫಿಗೆ ಎದ್ದರು. ಸಭಿಕರ ಬೆನ್ನನ್ನು ಮೇಷ್ಟ್ರು ಎಂದೂ ಕಂಡವರಲ್ಲ. ಗಾಬರಿಗೆ ಕೈ ಓಡಿತು. ಮುಂದಿನ ಸಾಲಿನಲ್ಲಿದ್ದ ಅಂಬುಜಾಕ್ಷಿ ತೊಡೆ ತಟ್ಟಿ ಗಟ್ಟಿಯಾಗಿ ತಾಳ ಹಾಕಿದಳು. ಅದನ್ನು ಹಿಡಿದುಕೊಂಡು ಅವರು ಹೇಗೋ ದಡ ಸೇರಿದರು.

ಬೆವರೊರೆಸಿಕೊಳ್ಳುತ್ತ ಇಳಿದು ಬಂದ ಅವರ ಮುಖದಲ್ಲಿ ಹುಡುಗನ ಕಳೆಯಿತ್ತು. "ಹೇಗಿತ್ತಮ್ಮ?"

"ಲಯ ಓಡುತ್ತೆ, ಮೇಷ್ಟ್ರೇ. ಇನ್ನೊಂದಷ್ಟು ವರ್ಷ ಮಧ್ಯಾಹ್ನವೇ ಇರಲಿ," ಎಂದು ಅಂಬುಜಾಕ್ಷಿ ಅವರ ಕಾಲಿಗೆ ನಮಸ್ಕರಿಸಿ, ಸಂಜೆಯ ಕಛೇರಿಗೆ ವೇದಿಕೆ ಹತ್ತಿದಳು.