ಬಗ್ಗಬಾರದ ತಿಂಗಳು

ಕಣ್ಣಿನ ಪೊರೆ ತೆಗೆಸಲು ಪುಟ್ಟಗೌರಮ್ಮ ವರ್ಷಗಟ್ಟಲೆ ಹೆದರಿದ್ದಳು. ಕೊನೆಗೆ ಗಂಡನೇ ಗದರಿಸಿ ಕರೆತಂದಿದ್ದ. ಆಪರೇಷನ್ ಆದಮೇಲೆ ಬಲಗಣ್ಣಿನ ಪಟ್ಟಿ ಬಿಚ್ಚಿದ ನರ್ಸು, "ಒಂದು ತಿಂಗಳು ಬಗ್ಗೋ ಹಾಗಿಲ್ಲ ಅಜ್ಜಿ, ಕಣ್ಣಿಗೆ ಒತ್ತಡ ಬೀಳುತ್ತೆ" ಎಂದಳು.

ಮರುದಿನ ಬೆಳಿಗ್ಗೆ ಗಂಡ ಎಂದಿನಂತೆ ಕಾಲು ಚಾಚಿ ಕೂತ. ಮದುವೆಯಾದಾಗಿನಿಂದ ಆ ಪಾದಕ್ಕೆ ನಮಸ್ಕಾರ ಮಾಡದೆ ಅವಳು ಒಲೆ ಹಚ್ಚಿದವಳಲ್ಲ.

"ಬಗ್ಗಂಗಿಲ್ಲ ಕಣ್ರೀ" ಎಂದು ನೆಟ್ಟಗೆ ನಿಂತಳು. ಅವನು ಹಲ್ಲು ಕಚ್ಚಿಕೊಂಡು ದಿನ ಎಣಿಸಿದ.

ತಿಂಗಳು ತುಂಬಿದ್ದೇ ತಡ, ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಬಂದ. "ಇನ್ನು ಬಗ್ಗಬಹುದು ತಾನೇ?"

ನರ್ಸು ಕಣ್ಣಿಗೆ ಟಾರ್ಚು ಹಿಡಿದು ನೋಡಿದಳು. "ಓಹೋ, ಧಾರಾಳವಾಗಿ."

ಗಂಡ ಮೀಸೆ ತಿರುವಿದ.

ಪುಟ್ಟಗೌರಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. "ಎಡಗಣ್ಣಿನ ಪೊರೆನೂ ಇವತ್ತೇ ತೆಗೆಸಿಬಿಡು ತಾಯಿ."