ಕೈ ಎತ್ತಿದವರು

ಪಕ್ಷಿವೀಕ್ಷಣೆ ಪ್ರವಾಸದ ಕೊನೆಯ ಸಂಜೆ ನಮ್ಮ ಗೈಡ್ ರೇವತಕ್ಕ ದಿನದ ಪಟ್ಟಿ ಓದುತ್ತಿದ್ದರು. ಹಕ್ಕಿ ನೋಡಿದವರು ಕೈ ಎತ್ತಬೇಕು.

“ಕರಿತಲೆ ಮಿಂಚುಳ್ಳಿ.”

ನಾನೊಬ್ಬಳೇ ಎತ್ತಿದೆ. ಅದು ನನ್ನ ಮೊದಲ ಅಪರೂಪದ ಹಕ್ಕಿ.

“ಸುಳ್ಳು!” ಎಂದು ನಮ್ಮ ಗುಂಪಿನ ಹಿರಿಯ ಪಕ್ಷಿವೀಕ್ಷಕ ಸೋಮಯಾಜಿ ಸರ್ ಮೇಜು ಗುದ್ದಿದರು. “ನಿನ್ನೆ ಮೊನ್ನೆ ದುರ್ಬೀನು ಹಿಡಿದೋಳಿಗೆ ಕಂಡಿದ್ದು, ಐನೂರು ಹಕ್ಕಿ ನೋಡಿರೋ ನಂಗೆ ಕಾಣಲ್ವಾ? ಪಟ್ಟಿಯಿಂದ ಹೊಡೆದ್ಹಾಕ್ರೀ ಅದನ್ನ!”

“ಹೊಳೆ ದಡದ ಕಾಂಡ್ಲಾ ಗಿಡದ ಮೇಲೆ ಕೂತಿತ್ತು ಸರ್. ನೀವಾಗ ದೋಣೀಲಿ ಫೋನಲ್ಲಿ ಕೂಗಾಡ್ತಿದ್ರಿ!” ಎಂದು ನಾನೂ ದನಿ ಏರಿಸಿದೆ.

ರೇವತಕ್ಕ ಮುಖ ಬಿಗಿದುಕೊಂಡು ಮುಂದಿನ ಹೆಸರು ಓದಿದರು. “ನೀಲಿಕೆನ್ನೆ ಅಲೆಗುಬ್ಬಿ. ಇವತ್ತಿನ ಅತಿ ಅಪರೂಪದ್ದು.”

ಸೋಮಯಾಜಿ ಸರ್ ಕೈ ಥಟ್ಟನೆ ಮೇಲೆದ್ದಿತು. “ಬೆಳಿಗ್ಗೇನೇ ನೋಡ್ದೆ. ಜೋಡಿ ಇತ್ತು.”

“ಅಂಥ ಹಕ್ಕೀನೇ ಇಲ್ಲ ಸರ್,” ಎಂದರು ರೇವತಕ್ಕ. “ನಿಮ್ಮ ಮೇಲೆ ಸಿಟ್ಟು ಬಂತು, ಆ ಹೆಸರು ನಾನೇ ಈಗಷ್ಟೇ ಕಟ್ಟಿದ್ದು.”